ಬುಡ ಕೆದಕಬೇಡಿ

ಜೂನ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನಗೆ ಮೂರು ತಿಂಗಳೆಂಬ ಕಾಗದ ಕೈಸೇರಿ ತಿಂಗಳಾಯಿತು. ಉತ್ತರಿಸದ ತಪ್ಪು ನನ್ನದು. ಮೂರು ಸಲ ಬರೆದು ಹರಿದವಳೂ ನಾನೇ. ಊಟ ಸೇರುತ್ತಿದೆಯೇನೇ?

ಇಲ್ಲಿ ಒಳಗೆ ಬೆವರು, ಹೊರಗೆ ಕೆಸರು, ನಡುವೆ ನನ್ನ ಬ್ಲ್ಯಾಕ್‌ಬೆರಿ ಹಣ್ಣಿನ ಬಳ್ಳಿ. ನಮ್ಮ ಗುಂಡನ ಸಂಗತಿ ನಿನಗೆ ಗೊತ್ತೇ ಇದೆ. ಎಂಟು ವರ್ಷದ ಹುಡುಗ, ಚರ್ಮ ತರಚಿದರೆ ರಕ್ತ ನಿಲ್ಲುವುದಿಲ್ಲ. ಮೇಜಿನ ಮೂಲೆಗಳಿಗೂ ಬಟ್ಟೆ ಸುತ್ತಿಟ್ಟಿದ್ದೇನೆ. ಹಣ್ಣು ತಾನೇ ಕೀಳಬೇಕೆಂದು ಅವನ ಹಟ. ಅದಕ್ಕೇ ನರ್ಸರಿಯವನನ್ನು ಕಾಡಿ ಮುಳ್ಳಿಲ್ಲದ ತಳಿ ತಂದೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ನೆರಳು, ಈ ತೇವಕ್ಕೆ ಬೂಷ್ಟು ಹಿಡಿಯದಂತೆ ತಂತಿಯ ಮೇಲೆ ಬಿಡಿಬಿಡಿಯಾಗಿ ಹಬ್ಬಿಸುವ ಸೇವೆ. ನಿನ್ನ ಭಾವನಿಗೆ ಇದರಲ್ಲಿ ಅರ್ಧವೂ ಸಿಕ್ಕಿಲ್ಲ.

"ಬುಡ ಮಾತ್ರ ಕೆದಕ್ಬೇಡಿ ಅಮ್ಮಾ," ಅಂದಿದ್ದ ನರ್ಸರಿಯವನು. "ಬೇರಿಗೆ ಏಟು ಬಿದ್ರೆ ಅಲ್ಲಿಂದ ಹುಟ್ಟೋದಕ್ಕೆ ಮುಳ್ಳಿರತ್ತೆ. ಮೇಲ್ಗಡೆ ಸಾಧು, ಬೇರು ಹಳೇ ಜಾತಿ."

ನನಗೆ ಪದವಿ ಉಂಟು, ಕಿವಿಗೆ ಗಂಟು. ಮಣ್ಣು ಗಟ್ಟಿಯಾಗಿದೆಯೆಂದು ಗುದ್ದಲಿ ಆಡಿಸಿಬಿಟ್ಟೆ.

ಹೋದ ಭಾನುವಾರ ಹಿತ್ತಲಿನಿಂದ ಗುಂಡನ ದನಿ: "ಅಮ್ಮಾ, ಇದು ಕಚ್ಚಿಬಿಡ್ತು!" ಅಂಗೈಯಿಂದ ಮಣಿಕಟ್ಟಿನವರೆಗೆ ಸೀಳು. ಬುಡದಲ್ಲಿ ಗೇಣುದ್ದದ ಹೊಸ ಚಿಗುರು, ಮೈತುಂಬ ಮುಳ್ಳು. ಟವೆಲಿನಿಂದ ಒತ್ತಿ ಹಿಡಿದು ಟ್ಯಾಕ್ಸಿ ಹತ್ತಿದೆವು. ಟವೆಲು ಒದ್ದೆಯಾಗುತ್ತಲೇ ಇತ್ತು. ಅವನೇ ನನಗೆ ಸಮಾಧಾನ ಹೇಳಿದ: "ಹೆದರ್ಬೇಡಮ್ಮಾ, ನನ್ನತ್ರ ಇನ್ನೂ ತುಂಬಾ ರಕ್ತ ಇದೆ."

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಸಂಜೆಯ ಹೊತ್ತಿಗೆ ರಕ್ತ ನಿಲ್ಲಿಸಿದರು. ಅವನೀಗ ಪರವಾಗಿಲ್ಲ. ನಾನು ಮಾತ್ರ ದಿನಕ್ಕೆ ನಾಲ್ಕು ಸಲ ಆ ಬುಡದಲ್ಲಿ ಕುಕ್ಕರಿಸಿ, ಮಣ್ಣನ್ನು ಬೆರಳಿನಿಂದ ಸವರಿ ನೋಡುತ್ತೇನೆ.

ಅಮ್ಮ ಆರೋಗ್ಯವಾಗಿದ್ದಾಳೆ. "ಬಸುರಿಗೆ ಇದನ್ನೆಲ್ಲ ಬರೀಬೇಡ್ವೇ, ಹೆದರ್ಕೊಳ್ತಾಳೆ" ಎಂದಳು. ಹೂಂ ಅಂದು, ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ, ನೂರು ಕಾಲ ನಗುತ್ತಿರು.

ನಿನ್ನ
ಅಕ್ಕ

ಕೊನೆಗೊಂದು, ಮರೆತದ್ದಲ್ಲ, ತಡೆದದ್ದು: ಗುಂಡನ ಕಾಯಿಲೆ ತಾಯಿಯಿಂದ ಬಂದದ್ದು. ಹೆಂಗಸರಲ್ಲಿ ಕಾಣಿಸದೆ ರಕ್ತದಲ್ಲಿ ಅಡಗಿರುತ್ತದಂತೆ. ನನಗೆ ಅಮ್ಮನಿಂದ, ನಿನಗೂ ಬಂದಿರಬಹುದು, ಗಂಡುಮಗುವಾದರೆ ಅದಕ್ಕೂ. ಐದು ವರ್ಷದ ಹಿಂದೆಯೇ ಡಾಕ್ಟರು, "ತಂಗಿ ಇದ್ರೆ ಪರೀಕ್ಷೆ ಮಾಡಿಸ್ಕೊಳ್ಳಲಿ" ಅಂದಿದ್ದರು. ಆಗ ನಿನ್ನ ಮದುವೆ ನಿಶ್ಚಯವಾಗಿತ್ತು. ಅಮ್ಮ ಬೇಡವೆಂದಳು, ನಾನು ಬಾಯಿ ಮುಚ್ಚಿಕೊಂಡೆ. ಇದು ಕೈಸೇರಿದ ದಿನವೇ ಡಾಕ್ಟರ ಹತ್ತಿರ ಹೋಗಿ ಈ ಕಾಗದ ತೋರಿಸು. ಮೊದಲು ಪರೀಕ್ಷೆ ಮಾಡಿಸು ಪುಟ್ಟಿ. ನನ್ನ ಮುಖ ನೋಡುವುದೋ ಬೇಡವೋ, ಆಮೇಲೆ ಯೋಚಿಸು.