ಬಲಗಡೆಯ ಹನಿ

ಜೂನ್ 3, ಬೆಳಿಗ್ಗೆ

ಹಲ್ಲುಜ್ಜುವಾಗ ಇವತ್ತೂ ವಸಡಿನಲ್ಲಿ ರಕ್ತ. ಹೊಸ ಬ್ರಷ್ ಗಟ್ಟಿ ಇರಬೇಕು. ಇವನು ಬಾತ್‌ರೂಮಿನ ಬಾಗಿಲು ತಟ್ಟಿ, "ಒಳಗೇ ಸಂಸಾರ ಹೂಡಿದೆಯೇನೇ? ನನಗೂ ಆಫೀಸಿದೆ" ಅಂದ. ಬಾಗಿಲು ತೆಗೆದು ನೊರೆ ಬಾಯಲ್ಲೇ ಮುತ್ತು ಕೊಟ್ಟೆ. ಹೊಸ ಗಂಡ, ಹೊಸ ಮನೆ, ಹೊಸ ಮಂಚ... ಮಂಚದ ಮೂಲೆಗೆ ತಾಗಿರಬೇಕು, ಮೊಣಕಾಲು ನೀಲಿಗಟ್ಟಿದೆ. ಯಾವಾಗ ತಾಗಿತೋ ನೆನಪೇ ಇಲ್ಲ. ನೆಲದ ಮೇಲೆ ನಡೆಯುತ್ತಿದ್ದರೆ ತಾನೇ ನೆನಪಿರುವುದು.

ಲ್ಯಾಬಿಗೆ ಹೊಸ ಚಿಪ್ ಬಂದಿದೆ. ಸೋ ಕ್ಯೂಟ್. ಹೆಬ್ಬೆರಳಿನ ಉಗುರಿನಷ್ಟು. ಲೆನ್ಸೇ ಇಲ್ಲ. ಜೀವಕೋಶಗಳ ಪುಟ್ಟ ತಟ್ಟೆಯನ್ನು ನೇರ ಅದರ ಮೈಮೇಲೇ ಇಡುವುದು. ನೀಲಿ ಬೆಳಕು ಬಿಟ್ಟರೆ, ಬಣ್ಣ ಹಿಡಿದ ಕೋಶಗಳು ಹಸಿರಾಗಿ ಹೊಳೆಯುತ್ತವೆ. ನೀಲಿಯನ್ನು ತಡೆದು ಹಸಿರನ್ನಷ್ಟೇ ಬಿಡಲು ನಡುವೆ ತೆಳ್ಳನೆಯ ಫಿಲ್ಟರ್. ಬೆಚ್ಚಗಿನ ಪೆಟ್ಟಿಗೆಯೊಳಗೆ ಅವು ಬದುಕಿರುವಂತೆಯೇ ಮೊಬೈಲಿನಲ್ಲಿ ನೋಡಬಹುದು.

ನಾನು ಎರಡು ವರ್ಷದಿಂದ ಹಳೆ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟವಳು. ಅದರಲ್ಲಿ ಎಲ್ಲ ಉಲ್ಟಾ. ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಕೈ ಎಷ್ಟು ಒಗ್ಗಿದೆಯೆಂದರೆ ಮನೆಯಲ್ಲಿ ಟಿವಿ ಸರಿಸುವಾಗಲೂ ಇವನು ಹೇಳಿದ್ದಕ್ಕೆ ವಿರುದ್ಧ ದಿಕ್ಕಿಗೆ ತಳ್ಳುತ್ತೇನೆ. "ಮದುವೆಯಾದ ವಾರಕ್ಕೇ ವಿರೋಧ ಪಕ್ಷ," ಅಂತಾನೆ.

ಜೂನ್ 3, ಸಂಜೆ

ಕರೆದೊಯ್ಯಲು ಬಂದ ಇವನನ್ನು ಬಾಸಮ್ಮ ಹಿಡಿದುಬಿಟ್ಟರು. ಲ್ಯಾಬಿನ ಮುಖ್ಯಸ್ಥೆಗೆ ಬೆನ್ನ ಹಿಂದೆ ನಾವಿಟ್ಟ ಹೆಸರು ಅದು. ನಮ್ಮಲ್ಲಿ ಹೊಸ ಸಾಮಾನಿಗೆ ಮೊದಲ ರಕ್ತ ನಮ್ಮವರದೇ. ಈ ಬಣ್ಣ ಅಂಟುವುದು ರಕ್ತದ ಕ್ಯಾನ್ಸರಿನಲ್ಲಿ ಕೆಟ್ಟುಹೋದ ಬಿಳಿ ರಕ್ತಕಣಗಳಿಗೆ ಮಾತ್ರ. ಆರೋಗ್ಯವಂತರದು ಕಪ್ಪಾಗಿ ಕಂಡರೆ ಚಿಪ್ ಪಾಸ್.

"ಅಳಿಯಂದಿರೇ, ಬೆರಳು ಕೊಡಿ," ಅಂದರು.

"ಮಗಳನ್ನು ಕೊಟ್ಟು ರಕ್ತ ಹೀರ್ತೀರಲ್ಲ ಮೇಡಂ," ಅಂದ.

ತಟ್ಟೆಯಲ್ಲಿ ಎರಡು ಗುಂಡಿ. ಎಡಕ್ಕೆ ನನ್ನದು, ಬಲಕ್ಕೆ ಇವನದು. ಅಕ್ಕಪಕ್ಕ. ನಾಚಿಕೆಯಾಯಿತು.

ಜೂನ್ 4

ಒಂದು ಗುಂಡಿ ಕಪ್ಪು. ಇನ್ನೊಂದರ ತುಂಬ ಹಸಿರು ಚುಕ್ಕೆಗಳು. ಚುಕ್ಕೆಗಳಿರುವುದು ಚಿತ್ರದ ಎಡಗಡೆ... ಎಡ ಅಂದರೆ ಬಲ. ಇವನದು.

ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಇವನು ಹಾಡುತ್ತಾ ಬಟ್ಟೆ ಒಣಗಿಸುತ್ತಿದ್ದ. ಕುತ್ತಿಗೆ ಮೊದಲಿಗಿಂತ ಸಣ್ಣಗಾಗಿದೆಯೇ? ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡಲಿಲ್ಲವೇ?

ಜೂನ್ 6

ಅದೇ ಎಡಬಲದಲ್ಲಿ ಮತ್ತೆ ಮಾಡಿದೆ. ಇವನನ್ನು ಆಟವಾಡಿಸುತ್ತಾ ರಕ್ತ ತೆಗೆದೆ. ಅದೇ ಚುಕ್ಕೆಗಳು. ಬದುಕಿವೆ, ಮೆಲ್ಲಗೆ ಅಲುಗುತ್ತಿವೆ.

ಬಾಸಮ್ಮನಿಗೆ ತೋರಿಸಿದೆ. "ಫಿಲ್ಟರ್ ಸೋರಿದ್ದರೆ ಎರಡೂ ಕಡೆ ಬೆಳಗಬೇಕಿತ್ತು," ಅಂದರು. ಆಮೇಲೆ ದನಿ ಇಳಿಸಿ, "ಇದು ಯಾರದು?"

"ನಮ್ಮನೆಯವರದು."

ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ನೋಡಮ್ಮ, ಇದು ಇನ್ನೂ ಆಟದ ಸಾಮಾನು. ಇದನ್ನ ನಂಬಿ ಅಳೋದು ಬೇಡ. ಆದ್ರೆ ಸುಮ್ನಿರೋದೂ ಬೇಡ. ಆಸ್ಪತ್ರೆಗೆ ಕರ್ಕೊಂಡು ಹೋಗು."

ಜೂನ್ 9

ಇವನಿಗೆ ಇನ್ಶೂರೆನ್ಸ್ ನೆಪ ಹೇಳಿದೆ.

"ಗ್ಯಾರಂಟಿ ಕಾರ್ಡ್ ಮದುವೆಗೆ ಮುಂಚೆ ಕೇಳ್ಬೇಕಿತ್ತು ಕಣೇ. ಈಗ ವಾಪಸ್ ತಗೊಳಲ್ಲ," ಅಂದ. ನಾನು ನಕ್ಕೆ. ನಗು ಎಲ್ಲಿಂದ ಬಂತೋ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ ಮುಖ ತಿರುಗಿಸಿ ನನ್ನ ಕೈ ಹಿಡಿದ. ಸಂಜೆ ಅತ್ತೆ ಫೋನ್ ಮಾಡಿ, "ಯಾಕಮ್ಮ ದನಿ ಬಿದ್ದುಹೋಗಿದೆ, ಊಟ ಮಾಡ್ತಿದೀಯ ತಾನೇ?" ಅಂದರು. ಸುಸ್ತು ಅಷ್ಟೇ ಅತ್ತೆ, ಅಂದೆ. ಸುಳ್ಳೇನಲ್ಲ. ಈಚೆಗೆ ಕೂತಲ್ಲೇ ನಿದ್ದೆ. ಹೆದರಿಕೆಯೂ ಮೈಯನ್ನು ಹಿಂಡುತ್ತದೆ.

ನಿನ್ನೆ ಬೆಳಗಿನ ಜಾವ ಎಚ್ಚರವಾಗಿ ಇವನ ಎದೆಯ ಮೇಲೆ ಕೈಯಿಟ್ಟು ಮಲಗಿದ್ದೆ. ಏಳುತ್ತಿತ್ತು, ಇಳಿಯುತ್ತಿತ್ತು. ಲೆಕ್ಕವಿಡಲು ಧೈರ್ಯ ಬರಲಿಲ್ಲ.

ಜೂನ್ 12

ನಾರ್ಮಲ್. ನಾರ್ಮಲ್. ಎಲ್ಲಾ ನಾರ್ಮಲ್.

ಡಾಕ್ಟರು ರಿಪೋರ್ಟನ್ನು ಮತ್ತೊಮ್ಮೆ ನೋಡಿ, "ಇವರದ್ದು ಕಬ್ಬಿಣದಂಥ ರಕ್ತ, ಮನೆಗೆ ಹೋಗಿ," ಅಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಎಲ್ಲ ಹೇಳಿಬಿಟ್ಟೆ. ಇವನು ಬೈಯುತ್ತಾನೆ ಅಂದುಕೊಂಡಿದ್ದೆ. ತಲೆ ಸವರಿ, "ಇಷ್ಟು ದಿನ ಒಬ್ಳೇ ಹೊತ್ಕೊಂಡು ತಿರುಗಿದೆಯಾ, ಕತ್ತೆ," ಅಂದ. ನಾಳೆ ಸಂಜೆ ಹೊರಗೆ ಊಟ. ಕೆಂಪು ಸೀರೆ ಉಡುತ್ತೇನೆ.

ಜೂನ್ 13, ಸಂಜೆ, ಲ್ಯಾಬಿನಲ್ಲೇ

ಚಿಪ್ ಯಾಕೆ ಸುಳ್ಳು ಹೇಳಿತು ಅಂತ ಬಾಸಮ್ಮನಿಗೆ ತಲೆನೋವು. ಬೆಳಿಗ್ಗೆ ಮೂರನೇ ಸಲ ಇಟ್ಟೆ. ಇವನೇ ಆಫೀಸಿಗೆ ಹೋಗುವ ದಾರಿಯಲ್ಲಿ ಬಂದು ಬೆರಳು ಚಾಚಿ, "ತಗೋ, ನಿರಪರಾಧಿಯ ರಕ್ತ," ಅಂದ. ಈ ಸಲ ಇವನ ಗುಂಡಿಗೆ ಗುರುತು ಮಾಡೋಣ ಅಂದರೆ ಮಾರ್ಕರ್ ಒಣಗಿತ್ತು. ಬ್ಯಾಗಿನಲ್ಲಿದ್ದ ಹಳದಿ ಹೈಲೈಟರಿನಲ್ಲಿ ತಟ್ಟೆಯ ಅಡಿಗೆ, ಇವನ ಗುಂಡಿಗೆ ತಾಗಿದಂತೆ, ಒಂದು ಗೆರೆ ಎಳೆದೆ. ಅದೂ ನೀಲಿ ಬೆಳಕಿಗೆ ಹೊಳೆಯುತ್ತದೆಂಬುದು ಮರೆತೇಹೋಗಿತ್ತು.

ಈಗ ಚಿತ್ರ ಬಂದಿದೆ. ಗೆರೆ ಬಲಗಡೆ ಧಗಧಗ ಅನ್ನುತ್ತಿದೆ. ಅದು ತಾಗಿದ ಗುಂಡಿ, ಇವನದು, ಕಪ್ಪು.

ಎಡಗಡೆಯದು ಚುಕ್ಕೆ ಚುಕ್ಕೆ.

ಲೆನ್ಸ್ ಇಲ್ಲ. ತಿರುಗಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಇಟ್ಟದ್ದು ಇಟ್ಟಂತೆಯೇ ಕಾಣುತ್ತದೆ. ಮೂರು ಸಲವೂ ಅದು ನಿಜವನ್ನೇ ಹೇಳಿದೆ. ಎಡ ಅಂದರೆ ಎಡ.

ಬಾಸಮ್ಮ ಇನ್ನೂ ಮೀಟಿಂಗಿನಲ್ಲಿದ್ದಾರೆ. ಕಿಟಕಿಯಿಂದ ಇಣುಕಿದೆ. ಕೆಳಗೆ ಬೈಕಿನ ಮೇಲೆ ಇವನು ಕನ್ನಡಿ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದಾನೆ. ಮೆಸೇಜ್ ಬಂತು: "ಮಹಾರಾಣಿ, ಗಾಡಿ ಸ್ಟಾರ್ಟ್ ಮಾಡಲಾ?"

ಸೀರೆ ಸ್ವಲ್ಪ ಎತ್ತಿ ನೋಡಿದೆ. ಮೊಣಕಾಲಿನ ನೀಲಿ ಹೋಗಿಲ್ಲ. ಪಕ್ಕದಲ್ಲಿ ಇನ್ನೊಂದು. ಅದು ಯಾವ ಮಂಚದ್ದು...

"ಬಂದೆ" ಅಂತ ಟೈಪ್ ಮಾಡಿದ್ದೇನೆ. ಇನ್ನೂ ಕಳಿಸಿಲ್ಲ.