ವಾರದೂಟದ ಹುಡುಗ ಮೇಷ್ಟ್ರಾದ

ಮೈಸೂರು
೧೪-೬-೧೯೫೮

ಅವ್ವನ ಪಾದಗಳಿಗೆ ಮರಿಸ್ವಾಮಿಯ ಶರಣು.

ಶಾಮಣ್ಣ ಮೇಷ್ಟ್ರು ಈ ಕಾಗದ ಓದಿ ಹೇಳುವಾಗ ವಿಭೂತಿ ಗಟ್ಟಿ ಮಾಡುವುದನ್ನು ನಿಲ್ಲಿಸಿ ಸ್ವಲ್ಪ ಕೂತುಕೋ. ನಿನ್ನ ಮಗನಿಗೆ ಕೆಲಸ ಸಿಕ್ಕಿದೆ. ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕ. ಜುಲೈ ಒಂದನೇ ತಾರೀಖು ಸೇರಬೇಕು. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ನಿನ್ನೆಯ ಸಂದರ್ಶನದ ಕಥೆ ಕೇಳು. ಮೂರು ಜನ ದೊಡ್ಡವರು ಕೂತಿದ್ದರು. ಇತಿಹಾಸದ ಪ್ರಶ್ನೆ ಎರಡೇ ಎರಡು. ಆಮೇಲೆ ಇಂಗ್ಲಿಷ್ ಪೇಪರು ಓದುವ ರೂಢಿಯಿದೆಯೇ, ಸಂಗೀತದಲ್ಲಿ ಅಭಿರುಚಿ ಉಂಟೇ, ಹೀಗೇ ಮಾತು ಹೊರಟಿತು. ನನಗೆ ಒಳಗೊಳಗೇ ನಗು. ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ವಾರದೂಟ ಉಂಡು ಓದಿದವನಲ್ಲವೇ ನಾನು? ಸೋಮವಾರ ಜಯಲಕ್ಷ್ಮಿಪುರಂನ ಲಾಯರು ವೃಷಭೇಂದ್ರಪ್ಪನವರ ಮನೆ. ಎಲೆ ಹಾಕುವ ತನಕ ಅವರಿಗೆ ಇಂಗ್ಲಿಷ್ ಪೇಪರು ಗಟ್ಟಿಯಾಗಿ ಓದಬೇಕು, ತಪ್ಪಿದರೆ ತಿದ್ದುತ್ತಿದ್ದರು. ಗುರುವಾರ ಶಾಂತಾದೇವಿಯಮ್ಮನವರ ಮನೆ. ಹಸಿದು ಜಗಲಿಯಲ್ಲಿ ಕೂತರೆ ಒಳಗೆ ವೀಣೆ ಪಾಠ ಮುಗಿಯುತ್ತಲೇ ಇರಲಿಲ್ಲ. ಕಲ್ಯಾಣಿ ರಾಗ ಕೇಳಿದರೆ ಇವತ್ತಿಗೂ ನನಗೆ ಒಗ್ಗರಣೆ ವಾಸನೆ ಬರುತ್ತದೆ. ಆರು ವರ್ಷ ಅನ್ನದ ಜೊತೆ ಉಂಡದ್ದೆಲ್ಲ ನಿನ್ನೆ ಉಪಯೋಗಕ್ಕೆ ಬಂತು.

ನನಗಿಂತ ಮುಂಚೆ ಒಳಗೆ ಹೋದವನು ನನ್ನ ಸಹಪಾಠಿ ಜವರಪ್ಪ, ಹೂಟಗಳ್ಳಿಯ ಒಕ್ಕಲು ಮನೆಯ ಹುಡುಗ. ಎಂ.ಎ.ಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವನು. ಬೆವರುತ್ತಾ ಹೊರಬಂದ. “ರಾಗ ಗೀಗ ಎಲ್ಲ ಕೇಳ್ಬುಟ್ರು ಕಣೋ, ನಮ್ಮಟ್ಟೀಲಿ ಅದನ್ಯಾರು ಕಂಡವ್ರೆ” ಎಂದ. ನಿಜ ಹೇಳುತ್ತೇನೆ ಅವ್ವ, ಇತಿಹಾಸ ಅವನಿಗೇ ಚೆನ್ನಾಗಿ ಗೊತ್ತು. ಹಾಸ್ಟೆಲಿನಲ್ಲಿ ಉಂಡವನಿಗೆ ಇಂಥ ಜಗಲಿಗಳು ಸಿಗಲಿಲ್ಲ, ಅಷ್ಟೇ. ಅದನ್ನು ನೆನೆದರೆ ನನ್ನ ಸಂತೋಷ ಒಂದು ಗಳಿಗೆ ತಲೆ ತಗ್ಗಿಸುತ್ತದೆ.

ನನ್ನ ಸರದಿಯಲ್ಲಿ ಮಾತಿನ ನಡುವೆ ಲಾಯರ ಹೆಸರು ಬಂದದ್ದಕ್ಕೆ, ಆ ಮೂವರಲ್ಲಿ ಅಧ್ಯಕ್ಷರಾಗಿದ್ದವರು ನಾನು ಲಾಯರ ಮಗನೆಂದೇ ತಿಳಿದರು. “ಓಹೋ, ಆ ಮನೆತನದವರೋ. ಮಾತಲ್ಲೇ ಗೊತ್ತಾಗುತ್ತೆ ಬಿಡಿ” ಎಂದರು. ನಾನು ಅಲ್ಲ ಅನ್ನಲಿಲ್ಲ. ಕೈಮುಗಿದು ಹೊರಬಂದೆ. ಆದರೆ ಮನಸ್ಸು ಚುಚ್ಚಿತು. ತಿರುಗಿ ಒಳಗೆ ಹೋಗಿ ಹೇಳಿಬಿಟ್ಟೆ: ಆ ಮನೆಯಲ್ಲಿ ನಾನು ಸೋಮವಾರದ ಊಟದ ಹುಡುಗ, ನಮ್ಮವ್ವ ವಿಭೂತಿ ಮಾಡಿ ಮಾರುತ್ತಾಳೆ ಎಂದು. ಮೂವರೂ ಮುಖ ಮುಖ ನೋಡಿಕೊಂಡರು. ಕೆಲಸ ಕೈಬಿಟ್ಟಿತು ಎಂದುಕೊಂಡೆ. ಅಧ್ಯಕ್ಷರು ಕನ್ನಡಕ ತೆಗೆದು, ಏಳು ಮನೆಯವರೂ ಆರು ವರ್ಷ ಒಂದು ದಿನವೂ ಬೇಡವೆನ್ನದೆ ಬಡಿಸಿದರೇ ಎಂದು ಕೇಳಿದರು. ಬಡಿಸಿದರು ಎಂದೆ. “ಹಾಗಾದ್ರೆ ನಿಮ್ಮ ನಡತೆಗೆ ಬೇರೆ ಸರ್ಟಿಫಿಕೇಟು ಯಾಕ್ರೀ ಬೇಕು” ಎಂದು ನಕ್ಕುಬಿಟ್ಟರು. ಇವತ್ತು ಬೆಳಿಗ್ಗೆ ಆರ್ಡರು ಕೈಗೆ ಬಂತು.

ಜವರಪ್ಪನಿಗೆ ವಿದ್ಯಾರಣ್ಯಪುರಂನ ನನ್ನ ಕೋಣೆಗೇ ಬಂದಿರು ಎಂದಿದ್ದೇನೆ. ಬರುವ ವರ್ಷ ಇನ್ನೊಂದು ಹುದ್ದೆ ಇದೆಯಂತೆ. ಗುರುವಾರ ವೀಣೆಯ ಜಗಲಿಗೆ ಎಳೆದುಕೊಂಡು ಹೋಗುತ್ತೇನೆ. ನಿದ್ದೆ ಬಂದರೆ ನನ್ನ ತಲೆಯ ಮೇಲೇ ಬೀಳುತ್ತಾನಂತೆ, ಈಗಲೇ ಹೆದರಿಸಿದ್ದಾನೆ.

ನೀನು ಜುಲೈಗೆ ಬಂದುಬಿಡು. ಏಳು ಮನೆಗೂ ಕರೆದುಕೊಂಡು ಹೋಗಿ ನಿನ್ನ ಕೈಯಿಂದಲೇ ವಿಭೂತಿ ಕೊಡಿಸಬೇಕು.

ಇಂತಿ ನಿನ್ನ ಮಗ,
ಮರಿಸ್ವಾಮಿ

ವಿ.ಸೂ.: ಶಾಮಣ್ಣ ಮೇಷ್ಟ್ರೇ, ಇಷ್ಟನ್ನು ಅವ್ವ ಒಬ್ಬಳೇ ಇರುವಾಗ ಓದಿ. ಅವ್ವ, ಮನಸ್ಸು ಚುಚ್ಚಿ ತಿರುಗಿ ಹೋದೆ ಎಂದದ್ದು ಸುಳ್ಳು. ನಾನು ಖುಷಿಯಿಂದಲೇ ಮೆಟ್ಟಿಲು ಇಳಿದಿದ್ದೆ. ನನ್ನ ಕಾಗದಪತ್ರ ಮೇಜಿನ ಮೇಲೇ ಉಳಿದಿತ್ತು, ತರಲು ಹೋದೆ. ಅದನ್ನು ತಿರುವುತ್ತಿದ್ದ ಅಧ್ಯಕ್ಷರು, ಪೋಷಕರು ಸಿದ್ದಲಿಂಗಮ್ಮ ಎಂದಿದೆ, ಇವರು ಯಾರು ಎಂದು ಕೇಳಿದರು. ಯಾರೋ ಎಂದುಬಿಟ್ಟಿದ್ದರೂ ನಡೆಯುತ್ತಿತ್ತು. ನಿನ್ನ ಹೆಸರು ಕಿವಿಗೆ ಬಿದ್ದ ಮೇಲೆ ಬಾಯಿ ನನ್ನ ಮಾತು ಕೇಳಲಿಲ್ಲ. ನಮ್ಮವ್ವ ಎಂದೆ.