ಅಮ್ಮನ ಗುಲಾಬಿಯ ಬುಡ ಅಗೆಯಬೇಡ

ತಮ್ಮಾ,

ಇವತ್ತು ಆಸ್ಪತ್ರೆಯಲ್ಲಿ ನನಗೆ ಎರಡು ಪಾಳಿ. ನಾಳೆ ಬೆಳಿಗ್ಗೆಯೇ ಬರುವುದು.

ನಿನ್ನೆ ನೀನು ಕಳೆಯೆಂದು ನೆಲಮಟ್ಟಕ್ಕೆ ಕತ್ತರಿಸಿದ್ದು ಅಮ್ಮ ನೆಟ್ಟಿದ್ದ ಗುಲಾಬಿ. ಅದರ ಕೊಂಬೆಯನ್ನೂ ಬುಡದ ಫೋಟೊವನ್ನೂ ನರ್ಸರಿಯವರಿಗೆ ತೋರಿಸಿದೆ. "ಬುಡದಲ್ಲಿ ಕಸಿ ಗಂಟಿಲ್ಲ ಕಣಮ್ಮ, ಸ್ವಂತ ಬೇರಿನ ಪೊದೆ ಗುಲಾಬಿ ಇದು. ಗಟ್ಟಿ ಜಾತಿ. ಮತ್ತೆ ಚಿಗುರಿದ್ರೆ ಅದೇ ಹೂವೇ ಬರುತ್ತೆ," ಅಂದರು.

ಅದಕ್ಕೇ ಹೇಳುತ್ತಿದ್ದೇನೆ, ಬುಡ ಅಗೆಯಬೇಡ. ಒಂದು ಬಕೆಟ್ ನೀರು ಹಾಕಿ, ಸುತ್ತ ಒಣ ಎಲೆ ಹರಡು. ಗೊಬ್ಬರ ಈಗಲೇ ಬೇಡ. ನನ್ನನ್ನು ಸಮಾಧಾನ ಮಾಡಲು ಹೊಸ ಗಿಡ ತಂದು ನಿಲ್ಲಿಸಬೇಡ.

ನಿನ್ನೆ ಸುಸ್ತಾಗಿತ್ತು, ಕೂಗಾಡಿಬಿಟ್ಟೆ. ಅಮ್ಮ ಇದ್ದಾಗ ಆ ಗಿಡಕ್ಕೆ ನಾನೂ ಒಂದು ದಿನವೂ ನೀರು ಹಾಕಿದವಳಲ್ಲ.

ಅಕ್ಕ